ಬೆಳಗಾದರೆ ನನ್ನನ್ನು ಮರೆಯುವ ಕಂಪ್ಯೂಟರ್

ಬೀಗ ಹಾಕಿದ ಮೇಲೆ ಅದನ್ನು ಒಮ್ಮೆಯಾದರೂ ಎಳೆದು ನೋಡದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕೀಲಿ ತಿರುಗಿಸಿ, ಜೇಬಿಗೆ ಹಾಕಿಕೊಂಡು, ತಿರುಗಿಯೂ ನೋಡದೆ ನಡೆದುಬಿಡುತ್ತಾರಲ್ಲ, ಅಂಥವರಿಗೆ ಉಂಡದ್ದು ಚೆನ್ನಾಗಿ ಅರಗುತ್ತಿರಬೇಕು. ನಾನು ಎಳೆದು ನೋಡುವ ಪೈಕಿ. ಎಳೆದು, ಮೆಟ್ಟಿಲಿಳಿದು, ಸ್ಕೂಟರ್ ಹತ್ತಿ, ಮತ್ತೆ ಇಳಿದು ಬಂದು ಇನ್ನೊಮ್ಮೆ ಎಳೆಯುವ ಪೈಕಿ. "ನೀವು ಹಿಂಗೇ ಎಳೀತಾ ಇರಿ, ಒಂದಿನ ಆ ಬೀಗ ಕೈಗೇ ಬರುತ್ತೆ" ಎಂದು ನನ್ನ ಹೆಂಡತಿ ಸುಮಂಗಲಾ ಹೇಳುತ್ತಲೇ ಇರುತ್ತಾಳೆ. ಬೀಗವೇನೋ ಗಟ್ಟಿಮುಟ್ಟಾಗಿದೆ. ಕೈಕೊಟ್ಟದ್ದು ಕಂಪ್ಯೂಟರ್.

ಮಾರೇನಹಳ್ಳಿಯಲ್ಲಿ ನಮ್ಮದೊಂದು ಪುಟ್ಟ ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣಗಳ ಆಹ್ವಾನ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವುದು ನನ್ನ ಕೆಲಸ. ಯಾವ ದೊಡ್ಡಪ್ಪನ ಹೆಸರು ಮೇಲೆ ಬರಬೇಕು, ಯಾವ ಸೋದರಮಾವನದು ಕೆಳಗಿಳಿದರೆ ಮದುವೆ ಮುರಿಯುತ್ತದೆ ಎಂಬ ಸಂಧಾನ ಸುಮಂಗಲಾಳದು. ಡಿಸೈನ್ ಸಾಫ್ಟ್‌ವೇರ್ ಎಂದರೆ ಪರದೆಯ ತುಂಬ ಸಣ್ಣ ಸಣ್ಣ ಪೆಟ್ಟಿಗೆಗಳು: ಬಣ್ಣದ್ದೊಂದು, ಅಕ್ಷರದ್ದೊಂದು, ಸಾಲುಗಳನ್ನು ಸಮ ಮಾಡುವುದೊಂದು. ಅವನ್ನು ನಮಗೆ ಬೇಕಾದಲ್ಲಿ ಇಟ್ಟುಕೊಳ್ಳಬಹುದು. ನಾನು ಇಟ್ಟುಕೊಂಡಿದ್ದೆ. ಬಣ್ಣ ಎಡಕ್ಕೆ, ಅಕ್ಷರ ಬಲಕ್ಕೆ, ಉಳಿದವು ಅದರ ಕೆಳಗೆ. ಒಗ್ಗರಣೆ ಹಾಕುವಾಗ ಸುಮಂಗಲಾಳ ಕೈ ನೋಡದೆಯೇ ಸಾಸಿವೆ ಡಬ್ಬಿಗೆ ಹೋಗುವ ಹಾಗೆ ನನ್ನ ಕೈ ಅವುಗಳ ಕಡೆ ಹೋಗುತ್ತಿತ್ತು. ಒಮ್ಮೆ ನಮ್ಮ ಅತ್ತೆ ಬಂದವರು ಮಗಳಿಗೆ ಅನುಕೂಲವಾಗಲೆಂದು ಆ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿಟ್ಟು ಹೋದರು. ಆ ವಾರ ನಾವು ಸಾಸಿವೆಗೆ ಬದಲು ಕರಿಎಳ್ಳಿನ ಒಗ್ಗರಣೆ ಬಿದ್ದ ಉಪ್ಪಿಟ್ಟು ತಿಂದೆವು. ಹೆತ್ತ ತಾಯಿಯಾದ್ದರಿಂದ ಸುಮಂಗಲಾ ಸುಮ್ಮನಿದ್ದಳು. ನನ್ನ ತಾಯಿಯಾಗಿದ್ದರೆ ಏನಾಗುತ್ತಿತ್ತೋ, ಆ ಕಡೆ ಹೋಗುವುದು ಬೇಡ.

ಈ ಮಳೆಗಾಲ ಶುರುವಾದಾಗಿನಿಂದ ನನ್ನ ಡಬ್ಬಿಗಳೂ ಅದಲುಬದಲಾಗತೊಡಗಿದವು. ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆದರೆ ಪರದೆ ಕಂಪನಿಯವರು ಕೊಟ್ಟಾಗ ಹೇಗಿತ್ತೋ ಹಾಗೆ. ಬಣ್ಣದ ಪೆಟ್ಟಿಗೆ ನಾಪತ್ತೆ. ನಾನು ಎಂದೂ ಮುಟ್ಟದ ಯಾವುದೋ ಪೆಟ್ಟಿಗೆ, ಕರೆಯದೆ ಬಂದವನು ವಧೂವರರ ಕುರ್ಚಿಯಲ್ಲೇ ಕೂತ ಹಾಗೆ ನಟ್ಟನಡುವೆ. ಎಲ್ಲವನ್ನೂ ಎಳೆದೆಳೆದು ಅದರದರ ಜಾಗಕ್ಕೆ ತರುವಷ್ಟರಲ್ಲಿ ಮೊದಲ ಕಾಫಿ ಆರಿಹೋಗುತ್ತಿತ್ತು. ಮರುದಿನ ಮತ್ತೆ ಅದೇ.

ಬಸವೇಶ್ವರನಗರದಲ್ಲಿ ಫ್ಲೆಕ್ಸ್ ಬೋರ್ಡ್ ಮಾಡುವ ಗೆಳೆಯ ನಾಗರಾಜನಿಗೆ ಫೋನ್ ಮಾಡಿದೆ. "ತೆಗ್ದು ಇನ್ನೊಂದ್ಸಲ ಹಾಕು ಗುರು, ಎಲ್ಲಾ ಸರಿಹೋಗತ್ತೆ" ಎಂದ. ಅವನು ಜ್ವರಕ್ಕೂ ಇಂಥದ್ದೇ ಔಷಧಿ ಹೇಳುವವನು. ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದೆ. ಒಂದೇ ದಿನಕ್ಕೆ ಮತ್ತೆ ಹಳೆಯ ಕಥೆ. ಆಮೇಲೆ ನನ್ನ ಸಂಶಯ ಸುಮಂಗಲಾಳ ಒರೆಸುವ ಬಟ್ಟೆಯ ಮೇಲೆ ಹೋಯಿತು. ಆಕೆ ಬೆಳಿಗ್ಗೆ ಕೀಬೋರ್ಡ್ ಒರೆಸಿ, ಮಾನಿಟರಿಗೆ ಒಂದು ಹೂವಿಟ್ಟು, ಊದುಬತ್ತಿ ಬೆಳಗುತ್ತಾಳೆ. ಒರೆಸುವಾಗ ಯಾವುದೋ ಗುಂಡಿ ಒತ್ತಿಹೋಗುತ್ತಿರಬಹುದು ಎಂದೆ.

"ಒರೆಸುವಾಗ ಅದಿನ್ನೂ ಆನ್ ಆಗಿರಲ್ಲ ಕಣ್ರೀ. ಇನ್ನೇನು, ಊದುಬತ್ತಿ ಹೊಗೆಗೆ ನಿಮ್ಮ ಪೆಟ್ಟಿಗೆ ಓಡಿಹೋಗುತ್ತೆ ಅಂತೀರಾ?" ಎಂದಳು. ಅನ್ನುವುದರಲ್ಲಿದ್ದೆ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಮಹಾಲಕ್ಷ್ಮಿ ಲೇಔಟಿನ ಶಿವಲೀಲಮ್ಮನವರು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಮೂಲತಃ ರಾಣೆಬೆನ್ನೂರಿನ ಕಡೆಯವರು. ಮಗಳ ಮದುವೆ. ಮೊದಲ ಪತ್ರಿಕೆಯನ್ನು ಊರಿನ ಮನೆದೇವರ ಮುಂದೆ ಇಡದೆ ಒಬ್ಬರಿಗೂ ಹಂಚುವಂತಿಲ್ಲ, ಅದು ಅವರ ಮನೆಯ ಪದ್ಧತಿ. ಇಡುವುದೂ ಸೋಮವಾರವೇ ಆಗಬೇಕು.

"ಮಧ್ಯಾಹ್ನದ ಬಸ್ಸಿಗೆ ನನ್ನ ಮೈದುನ ಊರಿಗೆ ಹೊಂಟಾನ್ರೀ. ಅವನ ಕೈಯಾಗ ಒಂದ ಪತ್ರಿಕಿ ಕೊಟ್ಟ ಕಳಸ್ರಿ ಸಾಕು. ಇವತ್ತು ತಪ್ಪಿದ್ರ ಮುಂದಿನ ಸ್ವಾಮಾರದ ತನಕ ಒಬ್ಬರ ಮನಿಗೂ ಹೋಗಂಗಿಲ್ಲ. ಬೀಗರು ಆಗ್ಲೇ ಹಂಚಾಕ ಹತ್ಯಾರ" ಎಂದರು.

"ಇನ್ನೇನು ಮುಗೀತು ಅಮ್ಮ" ಎಂದು ಹೇಳಿ ನಾನು ಪೆಟ್ಟಿಗೆಗಳನ್ನು ಎಳೆಯತೊಡಗಿದೆ. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಇದೇನ್ರೀ, ಪತ್ರಿಕಿ ಬಿಟ್ಟು ಮನಿ ಸಾಮಾನು ಜೋಡಸಾಕ ಹತ್ತೀರಿ?" ಅಂತೂ ಎಲ್ಲವೂ ತಂತಮ್ಮ ಜಾಗಕ್ಕೆ ಬಂದವು. ಪತ್ರಿಕೆ ತೆರೆದು, ಸುಮಂಗಲಾ ಗುರುತು ಹಾಕಿದ್ದ ಹೆಸರುಗಳನ್ನು ತಿದ್ದುತ್ತಿದ್ದೆ. ಆಗಲೇ ಕರೆಂಟ್ ಹೋಯಿತು.

ಯುಪಿಎಸ್ ಇದೆ. ಆದರೆ ಅದರ ಬ್ಯಾಟರಿ ಉಬ್ಬಿ ಸಿಡಿದೀತೆಂಬ ಭಯದಿಂದ ನಾನೇ ಅದನ್ನು ತೆಗೆಸಿಟ್ಟಿದ್ದೆ. ಒಂದೊಂದು ಹೆಸರಿಗೂ ಸೇವ್ ಮಾಡುವ ಅಭ್ಯಾಸವಿದ್ದುದರಿಂದ, ಕರೆಂಟ್ ಬಂದ ಮೇಲೆ ನೋಡಿದರೆ ಪತ್ರಿಕೆ ಕ್ಷೇಮವಾಗಿತ್ತು. ಪೆಟ್ಟಿಗೆಗಳು ಮಾತ್ರ ಮತ್ತೆ ದಿಕ್ಕಾಪಾಲು. ಆಗಷ್ಟೇ ಜೋಡಿಸಿದ್ದು! ಅಂದರೆ ಕೆಲಸ ನಡೆಯುತ್ತಿರುವಾಗ ಥಟ್ಟನೆ ಕರೆಂಟ್ ಕಿತ್ತರೆ ಪಾಪದ ಸಾಫ್ಟ್‌ವೇರಿಗೆ ತನ್ನ ಸಾಮಾನು ಎಲ್ಲಿತ್ತೆಂದು ನೆನಪಿಟ್ಟುಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಕಾರಣ ಹಿಡಿದೆನೆಂದು ಹಿಗ್ಗಿ ಸುಮಂಗಲಾಳಿಗೆ ವಿವರಿಸಿದೆ.

ಆಕೆ ಶಾಂತವಾಗಿ ಕೇಳಿದಳು: "ಸರಿ. ದಿನಾ ಸಂಜೆ ಇದರ ಕರೆಂಟ್ ಕೀಳೋರು ಯಾರು?"

ನಾನೇ. ಮಳೆಗಾಲದ ಶುರುವಿನಲ್ಲಿ ನಮ್ಮ ಸಾಲಿನ ಒಂದು ಅಂಗಡಿಯಲ್ಲಿ ಮೀಟರ್ ಬೋರ್ಡ್ ಹೊಗೆಯಾಡಿತ್ತು. ಅಂದಿನಿಂದ ಅಂಗಡಿ ಮುಚ್ಚುವಾಗ, ಪತ್ರಿಕೆ ಸೇವ್ ಆಯಿತೆಂದು ಖಾತ್ರಿ ಮಾಡಿಕೊಂಡು, ಸಾಫ್ಟ್‌ವೇರನ್ನು ಮುಚ್ಚುವ ಗೋಜಿಗೂ ಹೋಗದೆ, ಸೀದಾ ಗೋಡೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆಯುತ್ತಿದ್ದೆ. ಕ್ರಮವಾಗಿ ಮುಚ್ಚಹೊರಟರೆ 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಎಂದು ಅದು ಹಟ ಹಿಡಿಯುತ್ತದೆ. ಅದು ಮುಗಿಯುವಷ್ಟರಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ?

ಶಿವಲೀಲಮ್ಮನವರಿಗೆ ಕಂಪ್ಯೂಟರಿನ ಗಂಧಗಾಳಿಯಿಲ್ಲ, ಬೀಗರ ವಿಷಯ ಚೆನ್ನಾಗಿ ಗೊತ್ತು. "ಅಯ್ಯ, ಉಂಡ ಮನಿಯಾಗ 'ಹೋಗಿ ಬರ್ತೀನ್ರೀ' ಅನ್ನಲಾರದ ಎದ್ದು ಹೋದ್ರ ಅವರರ ಯಾಕ ನೆನಪ ಇಟಗೋತಾರ? ಅದಿರ್ಲಿ, ಈಗ ನನ್ನ ಪತ್ರಿಕಿ ಗತಿ ಏನು?"

ಮತ್ತೆ ಜೋಡಿಸುತ್ತ ಕೂರಲು ಹೊತ್ತಿರಲಿಲ್ಲ. ಚೆದುರಿದ ಪೆಟ್ಟಿಗೆಗಳ ನಡುವೆಯೇ ಬಣ್ಣ ಹುಡುಕಿದೆ. ಅಕ್ಷರ ಬೇಕೆಂದು ಕೈ ಬಲಕ್ಕೆ ಹೋದರೆ ಅಲ್ಲಿ ಇನ್ನೇನೋ ಇರುತ್ತಿತ್ತು. ನಡುವೆ ಒಮ್ಮೆ ಮನೆದೇವರ ಹೆಸರಿಗೆ ಹಸಿರು ಬಣ್ಣ ಬಂತು. "ಇರಲಿ ಬಿಡ್ರಿ, ಹಸಿರು ಛಲೋನ ಐತಿ" ಎಂದರು ಶಿವಲೀಲಮ್ಮ, ಗೋಡೆಯ ಗಡಿಯಾರ ನೋಡುತ್ತ. ಮೈದುನ ಬಸ್‌ಸ್ಟ್ಯಾಂಡಿಗೆ ಹೊರಟ ಆಟೋವನ್ನು ಬಾಗಿಲಲ್ಲಿ ನಿಲ್ಲಿಸಿ ಹಾರ್ನ್ ಮಾಡಿಸುತ್ತಿದ್ದ. ಪತ್ರಿಕೆ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಂದದ್ದೇ ಸುಮಂಗಲಾ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಕೊಟ್ಟಳು. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಶಿವಲೀಲಮ್ಮನವರ ಫೋನ್ ಬಂತು: ದೇವರ ಮುಂದೆ ಇಟ್ಟಾಯಿತು, ನಾಳೆಯಿಂದ ಹಂಚುತ್ತಾರೆ.

ಅಂದು ನಾನು ಪೆಟ್ಟಿಗೆಗಳನ್ನು ನಿಧಾನವಾಗಿ ಜೋಡಿಸಿ, ಸಾಫ್ಟ್‌ವೇರನ್ನು ಮರ್ಯಾದೆಯಿಂದ ಮುಚ್ಚಿ, ಪರದೆ ತಾನಾಗಿ ಕಪ್ಪಾಗುವವರೆಗೆ ಕಾದು, ಆಮೇಲೆ ಮೇನ್ ಸ್ವಿಚ್ ಎಳೆದೆ. ಮರುದಿನ ತೆರೆದರೆ ಎಲ್ಲವೂ ಇಟ್ಟಲ್ಲೇ! ಬಣ್ಣ ಎಡಕ್ಕೆ, ಅಕ್ಷರ ಬಲಕ್ಕೆ. ಕಾಫಿ ಇನ್ನೂ ಬಿಸಿಯಾಗಿತ್ತು. ಸುಮಂಗಲಾ ಗಿರಾಕಿಯೊಬ್ಬರನ್ನು ಕೂರಿಸಿ, "ಈಗ್ಲೇ ಶುರು ಮಾಡ್ತಾರೆ ಸಾರ್" ಎಂದಳು.

ಶುರು ಮಾಡುವವನೇ ಇದ್ದೆ. ಆದರೆ ಇಂದು ನೆನಪಿಟ್ಟುಕೊಂಡಿತು ಸರಿ, ಇನ್ನೊಂದು ಸಲ ಇಟ್ಟುಕೊಳ್ಳುತ್ತದೆಯೇ? ಸಾಫ್ಟ್‌ವೇರನ್ನು ಮುಚ್ಚಿ ತೆರೆದು ನೋಡಿದೆ. ಎಲ್ಲ ಸರಿಯಾಗಿತ್ತು. ಗಿರಾಕಿಯತ್ತ ತಿರುಗಿ ನಕ್ಕು, ಯಾವುದಕ್ಕೂ ಇರಲಿ ಎಂದು ಇನ್ನೊಮ್ಮೆ ಮುಚ್ಚಿದೆ.

"ಎಳೀರಿ, ಎಳೀರಿ" ಎಂದಳು ಸುಮಂಗಲಾ, "ಬೀಗ ಇನ್ನೂ ಕೈಗೆ ಬಂದಿಲ್ಲ."