ನನ್ನ ಅಂಗಿ ತೊಟ್ಟುಕೊಂಡ ಬೊಂಬೆಯವರಿಗೆ

ಗೆ,
ಶ್ರೀಯುತ ಬೊಂಬೆಯವರು,
ರಕ್ಷಣಾ ತಾಲೀಮಿನ ಗಾಯಾಳು (ಹಾಲಿ),
ಅಗ್ನಿಶಾಮಕ ದಳದ ಉಗ್ರಾಣ, ಹೊಳೆಸಾಲು ನೂಲಿನ ಗಿರಣಿ, ಹರಿಹರ.

ಇಂದ,
ಬಡೇಸಾಬ್,
ಅದೇ ತಾಲೀಮಿನ ಗಾಯಾಳು (ಮಾಜಿ),
ಗಾದಿ ಅಂಗಡಿ, ಕೆ.ಬಿ. ಬಡಾವಣೆ, ದಾವಣಗೆರೆ.

ವಿಷಯ: ಹದಿನೆಂಟು ವರ್ಷ ನಾನು ಮಲಗುತ್ತಿದ್ದ ಜಾಗದಲ್ಲಿ ತಾವು ಮಲಗಿರುವ ಬಗ್ಗೆ.

ಮಾನ್ಯರೇ,

ಎಂಥ ಕಾವಿಗೂ ಬಾಡದ ತಮ್ಮ ಮೈಗೆ, ಬೆವರೆಂಬುದನ್ನೇ ಅರಿಯದ ತಮ್ಮ ಹಣೆಗೆ, ಕಂಪನಿಯವರು ಕಣ್ಣು ಮೂಗು ಬಾಯಿ ಯಾವುದನ್ನೂ ಕೊಡದಿದ್ದರೂ ಸದಾ ಪ್ರಸನ್ನವಾಗಿಯೇ ಕಾಣುವ ತಮ್ಮ ಮುಖಕ್ಕೆ ಈ ಬಡ ಗಾದಿಯವನ ಅನಂತ ಸಲಾಮುಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೇ ಇಲ್ಲ, ಏಕೆಂದರೆ ತಾವು ಕ್ಷೇಮವಾಗಿಯೇ ಇರುತ್ತೀರೆಂದು ಕಂಪನಿ ಐದು ವರ್ಷದ ಗ್ಯಾರಂಟಿ ಬರೆದುಕೊಟ್ಟಿದೆಯಂತೆ. ಅಂಥ ಗ್ಯಾರಂಟಿಯನ್ನು ನನಗೆ ಹೆತ್ತ ತಾಯಿಯೂ ಕೊಟ್ಟಿರಲಿಲ್ಲ.

ಮೊದಲು ನನ್ನ ಪರಿಚಯ. ನಮ್ಮದು ಅರಳೆ ಹಿಂಜುವ ಮನೆತನ. ಗಿರಣಿಯಲ್ಲಿ ಉಳಿದ ಕಸಹತ್ತಿಯನ್ನು ತಂದು, ಹಿಂಜಿ, ದಾವಣಗೆರೆಯ ಅರ್ಧ ಊರಿನ ಬೆನ್ನಿಗೆ ಗಾದಿ ಹೊಲಿದುಕೊಟ್ಟವನು ನಾನು. ಹದಿನೆಂಟು ವರ್ಷದ ಹಿಂದೆ ಒಂದು ಏಪ್ರಿಲ್ ತಿಂಗಳಲ್ಲಿ ಹತ್ತಿ ತರಲೆಂದು ಹರಿಹರಕ್ಕೆ ಹೋದಾಗ ಗಿರಣಿಯ ಅಂಗಳದಲ್ಲಿ ವಾರ್ಷಿಕ ಅಗ್ನಿ ತಾಲೀಮು ನಡೆಯುವುದರಲ್ಲಿತ್ತು. ಹೊಗೆ ತುಂಬಿದ ಹಳೇ ಗೋದಾಮು ಇತ್ತು, ಹೆಲ್ಮೆಟ್ ಹಾಕಿಕೊಂಡ ದಳದವರಿದ್ದರು, ಹೊತ್ತು ತರಲು ಒಬ್ಬ ಗಾಯಾಳು ಮಾತ್ರ ಇರಲಿಲ್ಲ. ಗಾಯಾಳುವಾಗಲು ಒಪ್ಪಿಕೊಂಡಿದ್ದ ಗುಮಾಸ್ತರು ಹೊಗೆ ನೋಡಿದ್ದೇ ತಡ ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಹೋಗಿದ್ದರು. ದಳದ ಮೈಲಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸಾಬ್ರೆ, ಒಂದೈದು ನಿಮಿಷ ಒಳಗೋಗಿ ಬಿದ್ಕಳ್ರಿ, ನಾವು ಎತ್ಕಂಡ್ ಬರ್ತೀವಿ” ಎಂದರು. ಐವತ್ತೆರಡು ಕಿಲೋ ತೂಗುವ ಮನುಷ್ಯನನ್ನು ಕಂಡರೆ ಎತ್ತುವವರಿಗೆ ಪ್ರೀತಿ ಹುಟ್ಟುವುದು ಸಹಜ. ಅಂದು ಬಿದ್ದುಕೊಂಡವನು ಒಂದು ವರ್ಷವೂ ತಪ್ಪಿಸದೆ ಬಿದ್ದುಕೊಂಡೆ.

ಬಿದ್ದುಕೊಳ್ಳುವುದು ಮಹಾ ಸುಲಭವೆಂದು ತಾವು ತಿಳಿದಿರಬಹುದು. ತಾವು ಕಾರ್ಖಾನೆಯಿಂದಲೇ ಬಿದ್ದುಕೊಂಡು ಬಂದವರು, ನಾನು ಕಲಿತು ಬಿದ್ದವನು. ಒಂದು ಕೈ ಎದೆಯ ಮೇಲೆ, ಒಂದು ಕಾಲು ಮಡಚಿ, ಮೊದಲು ಮೂರು ಕೆಮ್ಮು, ಆಮೇಲೊಂದು ನರಳಿಕೆ, ಬಾಗಿಲ ಬಳಿ ಬಂದಾಗ ಶಾಮಿಯಾನದಲ್ಲಿ ಕೂತವರಿಗೆ ಕೇಳುವಷ್ಟು ಜೋರಾಗಿ “ನೀರು... ನೀರು...”. ಒಂದು ವರ್ಷ ಅತಿಥಿಯಾಗಿ ಬಂದಿದ್ದ ಡಾಕ್ಟರೊಬ್ಬರು ನನ್ನ ನರಳಿಕೆ ಕೇಳಿ ಹಾರ ಹಾಕಿಸಿಕೊಳ್ಳುವುದನ್ನು ಬಿಟ್ಟು ಓಡಿಬಂದು ನಾಡಿ ಹಿಡಿದಿದ್ದರು. ಪ್ರತಿವರ್ಷವೂ ಅದೇ ಹಸಿರು ಚೌಕಳಿ ಅಂಗಿ, ಮೊಣಕೈಯಲ್ಲಿ ತೇಪೆ. ತಾಲೀಮು ಮುಗಿದ ಮೇಲೆ ದಳಕ್ಕೆಲ್ಲ ಖಾರ ಮಂಡಕ್ಕಿ ಮತ್ತು ಮಿರ್ಚಿ ಬಜ್ಜಿ ಬರುತ್ತದೆ, ಅದರಲ್ಲೊಂದು ಪದ್ಧತಿ ಬೆಳೆದುಬಂದಿದೆ. ಮೊದಲ ಮಿರ್ಚಿ ಗಾಯಾಳುವಿಗೆ, ಅದೂ ಅವನನ್ನು ಹೊತ್ತು ತಂದವರ ಕೈಯಿಂದ, ನೇರವಾಗಿ ಬಾಯಿಗೆ. ಅದು ಬಾಯಿಗೆ ಬೀಳುವವರೆಗೆ ದಳದವರು ಒಬ್ಬರೂ ಪೊಟ್ಟಣ ಬಿಚ್ಚುವುದಿಲ್ಲ. ವರ್ಷವಿಡೀ ಬೇರೆಯವರ ನಿದ್ದೆಗಾಗಿ ಹೊಲಿಗೆ ಹಾಕುವ ನನಗೆ, ಆ ಒಂದು ದಿನ ನಾಲ್ಕು ಜನ ಕೇವಲ ನನ್ನನ್ನು ಉಳಿಸಿಕೊಳ್ಳಲು ಓಡೋಡಿ ಬರುತ್ತಾರಲ್ಲ, ಅದೇ ದೊಡ್ಡ ಹಬ್ಬ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅದಕ್ಕಾಗಿ ಕಾಯುತ್ತಿದ್ದೆ.

ಈ ವರ್ಷ ತಾವು ದಯಮಾಡಿಸಿದಿರಿ. ದಳದ ಅಧಿಕಾರಿ ಹಾಲಸ್ವಾಮಿಯವರು ನನ್ನನ್ನು ಉಗ್ರಾಣಕ್ಕೆ ಕರೆದೊಯ್ದು ತಮ್ಮ ದರ್ಶನ ಮಾಡಿಸಿದರು. ಎಪ್ಪತ್ತೈದು ಕಿಲೋ ತೂಕ, ಸುಡದ ಬಟ್ಟೆಯ ಚರ್ಮ, ಮನುಷ್ಯರಂತೆಯೇ ಬಾಗುವ ಕೀಲುಗಳು. “ಬಡೇಸಾಬ್ರೆ, ಇದನ್ನ ಖರೇ ಬೆಂಕಿ ಪಕ್ಕದಾಗೇ ಮಲಗಿಸ್ಬೋದು. ಕೆಮ್ಮಲ್ಲ, ಚಾ ಕೇಳಲ್ಲ. ನಿಮಗೂ ವಯಸ್ಸಾತು, ಇನ್ನು ಶಾಮಿಯಾನದಾಗೆ ಆರಾಮ ಕೂಡ್ರಿ” ಎಂದರು. ಹದಿನೆಂಟು ವರ್ಷದಲ್ಲಿ ನಾನು ಚಹಾ ಕೇಳಿದ್ದು ಎರಡೇ ಸಲ, ಅದೂ ಪೂರ್ತಿ ಗುಣಮುಖನಾದ ಮೇಲೆ! ತಮ್ಮನ್ನು ನೋಡಿ ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು. ಕಸುಬಿನವನಾದ್ದರಿಂದ ತಮ್ಮ ಹೊಟ್ಟೆಯನ್ನು ಒತ್ತಿ ನೋಡಿದೆ, ಒಳಗೆ ಒಂದು ಎಳೆ ಹತ್ತಿಯೂ ಇಲ್ಲ. ಹತ್ತಿ ಗಿರಣಿಯ ಗಾಯಾಳುವಿನ ಮೈಯಲ್ಲಿ ಹತ್ತಿಯೇ ಇಲ್ಲವೆಂದರೆ ಎಂಥ ಕಾಲ ಬಂತಪ್ಪಾ ಎಂದುಕೊಂಡು ಹೊರಗೆ ಬಂದೆ.

ಅಷ್ಟಕ್ಕೇ ಮುಗಿದಿದ್ದರೆ ಈ ಪತ್ರಕ್ಕೆ ಕಾಗದ ಹಾಳು ಮಾಡುತ್ತಿರಲಿಲ್ಲ. ಈ ಸಲ ಬರೀ ಹೊಗೆ, ಬೆಂಕಿಯಿಲ್ಲ, ಹಾಗಾಗಿ ದಳದವರಿಗೆ ರೂಢಿಯಾಗಿರುವ ನನ್ನ ಹಸಿರು ಚೌಕಳಿ ಅಂಗಿಯನ್ನೇ ತಮಗೆ ತೊಡಿಸೋಣವೆಂದು ಹಾಲಸ್ವಾಮಿಯವರು ಮನೆಗೆ ಹೇಳಿಕಳಿಸಿದರು. ನನ್ನ ಹೆಂಡತಿ ಖತೀಜಾಬೀ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಉದುರಿದ್ದ ಗುಂಡಿ ಹಚ್ಚಿ, ನನ್ನನ್ನು ಒಂದು ಮಾತೂ ಕೇಳದೆ ಮಗಳು ಹುಮಾಳ ಕೈಯಲ್ಲಿ ಕೊಟ್ಟು ಕಳಿಸಿದಳು. ಹುಮಾ ಅದೇ ಗಿರಣಿಯ ನೂಲು ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮಾನ್ಯರೇ, ಆ ಗುಂಡಿ ಹಚ್ಚಿಕೊಡು ಎಂದು ನಾನು ಎರಡು ವರ್ಷದಿಂದ ಬೇಡುತ್ತಿದ್ದೆ. ತಮಗೆ ಒಂದೇ ಸಂಜೆಯಲ್ಲಿ ಆಯಿತು.

ತಾಲೀಮಿನ ದಿನ ನನಗೆ ಎರಡನೇ ಸಾಲಿನಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಖತೀಜಾಬೀ. ಸಿಳ್ಳೆ ಕೇಳಿಸಿತು, ಮೈಲಪ್ಪನವರೂ ಇನ್ನೂ ಮೂವರೂ ಗೋದಾಮಿಗೆ ನುಗ್ಗಿದರು. ನನ್ನನ್ನು ಹೊರಗೆ ತರಲು ಅವರಿಗೆ ಬೇಕಾಗುತ್ತಿದ್ದದ್ದು ಎರಡು ನಿಮಿಷ ನಲವತ್ತು ಸೆಕೆಂಡು. ಅದನ್ನು ಗಿರಣಿಯ ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಿದ್ದಾರೆ. ನಾಲ್ಕು ನಿಮಿಷವಾಯಿತು, ಆರಾಯಿತು. ಹಾಲಸ್ವಾಮಿಯವರು ಗಡಿಯಾರ ನೋಡುವುದನ್ನು ಬಿಟ್ಟು ಆಕಾಶ ನೋಡತೊಡಗಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಗೋದಾಮಿನ ಪಕ್ಕದ ಕಿಟಕಿಗೆ ಕಿವಿಯಿಟ್ಟರೆ ಒಳಗಿನಿಂದ ಮೈಲಪ್ಪನವರ ಧ್ವನಿ ಕೇಳಿಸಿತು. “ಬಡೇಸಾಬ್ರೆ, ಸೊಂಟ ಸ್ವಲ್ಪ ಎತ್ರಿ... ಹಾಂ, ಕೈ ನನ್ ಕುತ್ತಿಗಿಗೆ ಹಾಕ್ರಿ... ಹಾಕ್ರಿ ಅಂದ್ರೆ!” ಆಮೇಲೆ ಅಳು ಬರುವಂಥ ದನಿಯಲ್ಲಿ, “ಯಾಕ ಸಾಬ್ರೆ, ಇವತ್ತು ಸಿಟ್ಟು ಮಾಡ್ಕಂಡೀರೇನು?” ಎಂದರು. ಹೊಗೆಯಲ್ಲಿ ಅವರಿಗೆ ಕಾಣುತ್ತಿದ್ದದ್ದು ಆ ಅಂಗಿಯೊಂದೇ.

ಆಗಲೇ ನನಗೆ ಹೊಳೆದದ್ದು, ನಾನು ಸೊಂಟ ಎತ್ತುತ್ತಿದ್ದದ್ದು ನಿಜ. ಪಾಪ, ನಾಲ್ಕು ಜನ ನನಗಾಗಿ ಇಷ್ಟು ಕಷ್ಟಪಡುವಾಗ ನಾನು ಹೆಣದಂತೆ ಬಿದ್ದಿರುವುದು ಮರ್ಯಾದೆಯೇ ಎಂದು ಮೊದಲ ವರ್ಷವೇ ಅನ್ನಿಸಿ, ಅವರು ಕೈ ಹಾಕುತ್ತಿದ್ದಂತೆ ಸೊಂಟ ಎತ್ತಿದೆ. ಎರಡನೇ ವರ್ಷ ಮೈಲಪ್ಪನವರ ಕುತ್ತಿಗೆಗೆ ನಾನಾಗಿಯೇ ಜೋತುಬಿದ್ದೆ. ಐದನೇ ವರ್ಷದ ಹೊತ್ತಿಗೆ ಹೊಸಿಲಲ್ಲಿ ತುದಿಗಾಲಿನಲ್ಲಿ ಎರಡು ಹೆಜ್ಜೆ ನಾನೇ ನಡೆದುಬಿಡುತ್ತಿದ್ದೆ, ಹೊಗೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. “ಎಡಕ್ಕೆ ತಿರುಗ್ರಿ, ಮೂರನೇ ಮೆಟ್ಲು ಮುರಿದೈತೆ, ಹುಷಾರು” ಎಂದು ನರಳಿಕೆಯ ನಡುವೆ ಕಿವಿಯಲ್ಲಿ ದಾರಿಯನ್ನೂ ಹೇಳುತ್ತಿದ್ದೆ. ಬಾಗಿಲಲ್ಲಿ ಬರೆಸಿದ ಆ ಎರಡು ನಿಮಿಷ ನಲವತ್ತು ಸೆಕೆಂಡು ದಳದ ದಾಖಲೆಯಲ್ಲ ಸ್ವಾಮಿ, ನನ್ನ ದಾಖಲೆ. ಹದಿನೆಂಟು ವರ್ಷ ಅವರು ನನ್ನನ್ನು ಹೊರತಂದರೆಂದು ನಾನೂ ನಂಬಿದ್ದೆ, ಅವರೂ ನಂಬಿದ್ದರು.

ತಾವು ಮಾತ್ರ ಒಂದು ಬೆರಳೂ ಎತ್ತಲಿಲ್ಲ. ಕಡೆಗೆ ಹನ್ನೊಂದನೇ ನಿಮಿಷಕ್ಕೆ ನಾಲ್ವರೂ ಸೇರಿ ತಮ್ಮ ಎರಡೂ ಕಾಲು ಹಿಡಿದು ದರದರನೆ ಎಳೆದು ತಂದರು. ತಮ್ಮ ತಲೆ ಐದೂ ಮೆಟ್ಟಿಲಿಗೆ ಒಂದೊಂದು ಸಲ ಬಡಿಯಿತು, ಮುರಿದ ಮೂರನೆಯದಕ್ಕೆ ಎರಡು ಸಲ. ಅಷ್ಟರಲ್ಲಿ ಶಾಮಿಯಾನದಲ್ಲಿ ಒಂದು ಚೀರಾಟ. “ಯಾ ಅಲ್ಲಾ, ನಮ್ಮೋರ ತಲಿ! ಏ ಮೈಲಪ್ಪಣ್ಣ, ಬಿಡ್ರೀ, ಸತ್ತೇ ಹೋಗ್ತಾರೆ!” ಎಂದು ಖತೀಜಾಬೀ ಎದೆ ಬಡಿದುಕೊಂಡು ಓಡಿಬಂದು, ಕೈಚೀಲದಿಂದ ಮೈಲಪ್ಪನವರ ಹೆಲ್ಮೆಟ್ ಮೇಲೆ ಎರಡು ಕೊಟ್ಟು, ತಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತಳು. ನಾನು ಹಿಂದಿನಿಂದ ಹೋಗಿ ಅವಳ ಭುಜ ಮುಟ್ಟಿದೆ. ಅವಳು ತಿರುಗಿ ನನ್ನನ್ನು ನೋಡಿ, “ನೀವು ಸ್ವಲ್ಪ ಸುಮ್ನಿರ್ರಿ!” ಎಂದು ಗದರಿ ಮತ್ತೆ ಅಳತೊಡಗಿದಳು.

ಮದುವೆಯಾಗಿ ಮೂವತ್ತೊಂದು ವರ್ಷ. ಹದಿನೆಂಟು ಸಲ ನನ್ನನ್ನು ಹೊಗೆಯಿಂದ ಹೊರಗೆ ಹೊತ್ತು ತಂದಾಗ ಈಕೆ ಒಮ್ಮೆಯೂ ಅತ್ತವಳಲ್ಲ, ಬರುವಾಗ ಕರಿಬೇವು ತಗೊಂಡು ಬರ್ರಿ ಎನ್ನುವವಳು. ಅವಳ ಹತ್ತಿರ ನನಗಾಗಿ ಅಷ್ಟು ಅಳು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಆ ಅಳು ನ್ಯಾಯವಾಗಿ ನನ್ನದು, ಅದನ್ನು ಕಿವಿಯೇ ಇಲ್ಲದ ತಾವು ಮಲಗಿದಲ್ಲೇ ಪಡೆದುಕೊಂಡಿರಿ. ಮನೆಗೆ ಹೋದ ಮೇಲೆ, ಬೊಂಬೆಯೆಂದು ಗೊತ್ತಿದ್ದೂ ಯಾಕೆ ಅತ್ತೆ ಎಂದು ಕೇಳಿದೆ. “ಗೊತ್ತಿತ್ತು ಕಣ್ರಿ. ಆದ್ರೆ ಅಂಗಿ ನಿಮ್ದಲ್ವಾ?” ಎಂದು ಒಳಗೆ ಹೋದಳು.

ಮಿರ್ಚಿಯ ವಿಷಯವನ್ನೂ ಇಲ್ಲೇ ದಾಖಲಿಸಿಬಿಡುತ್ತೇನೆ. ಪೊಟ್ಟಣಗಳು ಬಂದವು. ಮೈಲಪ್ಪನವರು ರೂಢಿಯಂತೆ ಮೊದಲ ಮಿರ್ಚಿಯನ್ನು ಹಸಿರು ಅಂಗಿಯವರ ಮುಖದತ್ತ ಒಯ್ದರು. ಅಲ್ಲಿ ಬಾಯಿಯಿಲ್ಲ. ಪದ್ಧತಿ ಮುರಿಯುವಂತಿಲ್ಲ, ಬೇರೆಯವರು ತಿನ್ನುವಂತಿಲ್ಲ. ಇಡೀ ದಳ ಪೊಟ್ಟಣ ಹಿಡಿದುಕೊಂಡು ಕಾಲು ಗಂಟೆ ನಿಂತಿತ್ತು, ಕೊನೆಗೆ ಆ ಮಿರ್ಚಿಯನ್ನು ಗೌರವಪೂರ್ವಕವಾಗಿ ತಮ್ಮ ಜೇಬಿನಲ್ಲಿ ಇಟ್ಟರು. ಅಂದರೆ ನನ್ನ ಜೇಬಿನಲ್ಲಿ. ಎಣ್ಣೆಯ ಕಲೆ ಇನ್ನೂ ಹೋಗಿಲ್ಲ.

ಅಂದು ಸಂಜೆಯೇ ತಮ್ಮ ಮೇಲೆ ಘೋರವಾದ ದೂರೊಂದನ್ನು ಬರೆಯಬೇಕೆಂದು ಪೆನ್ನು ಹಿಡಿದು ಕೂತಿದ್ದೆ. ಊಟ ಬಡಿಸುತ್ತಿದ್ದ ಹುಮಾ, ಸೊಂಟ ಎತ್ತಿದ ಗುಟ್ಟನ್ನು ನನ್ನಿಂದಲೇ ಕೇಳಿದ್ದವಳು, ಮಧ್ಯಾಹ್ನದ ಗಲಾಟೆಯನ್ನೆಲ್ಲ ಅಭಿನಯಿಸಿ ತೋರಿಸುತ್ತ, ನಗುನಗುತ್ತಲೇ, “ಅಬ್ಬಾ, ನಾನೇನಾರ ಒಳಗೆ ಹೊಗೆ ಕುಡಿದು ಬಿದ್ರೆ ಹೆಂಗೆ? ನಂಗೆ ಸೊಂಟ ಎತ್ತಾಕೆ ಬರಲ್ಲ” ಎಂದಳು. ಅವಳಿಗೆ ಅದು ತಮಾಷೆ. ನಾನು ಪೆನ್ನಿನ ಮುಚ್ಚಳ ಹಾಕಿದೆ. ನನ್ನ ಮಗಳು ದಿನಾ ಎಂಟು ಗಂಟೆ ಕೂರುವುದು ಹತ್ತಿಯ ನಡುವೆ, ಅವಳನ್ನು ಹೊರತರಬೇಕಾದವರು ಆ ನಾಲ್ವರು, ಅವರಿಗೆ ಹದಿನೆಂಟು ವರ್ಷ ಎತ್ತುವುದನ್ನು ಕಲಿಯಲು ಬಿಡದವನು ನಾನು. ಮರ್ಯಾದೆ ಮಾಡುತ್ತೇನೆಂದು ಹೋಗಿ ಎಂಥ ಕೆಲಸ ಮಾಡಿಟ್ಟೆ! ಅಂದು ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ತಮ್ಮ ಮೇಲೂ ಬಂದಿರಲಿಲ್ಲ.

ಮೊನ್ನೆ ಸೋಮವಾರ ಮೈಲಪ್ಪನವರು ತಮ್ಮನ್ನು ಗೂಡ್ಸ್ ಆಟೋದಲ್ಲಿ ನನ್ನ ಅಂಗಡಿಗೇ ಕರೆತಂದರು. ಈಗ ಪ್ರತಿ ಶನಿವಾರ ತಾಲೀಮಂತೆ, ಎಳೆದಾಡಿ ತಮ್ಮ ಕಂಕುಳ ಹೊಲಿಗೆ ಬಿಟ್ಟಿದೆಯಂತೆ, ಕಂಪನಿ ಕೊಟ್ಟ ಸುಡದ ದಾರವನ್ನೂ ತಂದಿದ್ದರು. ಸೊಂಟ ಹಿಡಿದುಕೊಂಡೇ ಕೂತರು. “ಸಾಬ್ರೆ, ಇಷ್ಟ್ ವರ್ಷ ನೀವೇ ನಮ್ಮನ್ನ ಹೊರಗೆ ಕರ್ಕಂಡ್ ಬಂದೀರಿ, ನಮಗೆ ಗೊತ್ತೇ ಆಗ್ಲಿಲ್ಲ. ಹನ್ನೊಂದು ನಿಮಿಷ ಇದ್ದದ್ದು ಈಗ ಐದಕ್ಕೆ ಬಂದೈತೆ” ಎಂದರು. ನಾನು ಚಹಾ ತರಿಸಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುಡಿದೆವು.

ಆದ್ದರಿಂದ, ಮಾನ್ಯರೇ, ದೂರನ್ನು ಹಿಂತೆಗೆದುಕೊಂಡು ಕೆಲವು ಅರಿಕೆಗಳನ್ನು ಮಾತ್ರ ಮಂಡಿಸುತ್ತಿದ್ದೇನೆ. ಯಾವ ಕಾರಣಕ್ಕೂ, ಯಾರು ಎಷ್ಟೇ ಪ್ರೀತಿಯಿಂದ ಬೇಡಿಕೊಂಡರೂ, ತಾವು ಸೊಂಟ ಎತ್ತಬಾರದು. ಮೈಲಪ್ಪನವರ ಸಂಕಟ ನೋಡಿ ಕರಗಬಾರದು, ನಾನು ಕರಗಿ ಕೆಟ್ಟವನು. ಮಿರ್ಚಿಯನ್ನು ತಮ್ಮ ಪರವಾಗಿ ತಿನ್ನುವ ಅಧಿಕಾರವನ್ನು ಹಿಂದಿನ ಗಾಯಾಳುವಿಗೆ ಬರಹದ ಮೂಲಕ ವಹಿಸಿಕೊಡಬೇಕು. ಇನ್ನು, ನಿಜವಾದ ಹೊಗೆಯೆನ್ನುವುದು ಯಾವತ್ತಾದರೂ ಬರಲೇಬೇಕೆಂದಿದ್ದರೆ, ತಮಗೆ ಬೆಂಕಿಯವರ ಜೊತೆ ಹತ್ತಿರದ ಪರಿಚಯ ಇರುವುದರಿಂದ, ಅದು ಗಿರಣಿಗೆ ರಜೆಯಿರುವ ಭಾನುವಾರವೇ ಬರುವಂತೆ ತಾವು ಮಾತಾಡಿ ಒಪ್ಪಿಸಬೇಕು. ಅದು ಸಾಧ್ಯವಾಗದಿದ್ದರೆ, ನನ್ನ ಮಗಳು ಮೂರನೇ ಮಹಡಿಯ ಎಡಗಡೆಯ ಕೋಣೆಯಲ್ಲಿ ಕೂರುತ್ತಾಳೆಂಬುದನ್ನು ದಳದವರ ತೋಳುಗಳಿಗೆ ತಮ್ಮ ಭಾರದಿಂದಲೇ ಕಲಿಸಿಕೊಡಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಹೀಗೆಂದು ತಮ್ಮ ಪಾದಗಳ ಬಳಿಯೇ ಸೂಜಿ ಹಿಡಿದು ಕೂತು ಬರೆದ,

ತಮ್ಮ ವಿಶ್ವಾಸಿ,
ಬಡೇಸಾಬ್
(ಅಂಗಿಯ ಮೂಲ ಮಾಲೀಕ)

ತಾ.ಕ.: ತಮ್ಮ ಕಂಕುಳ ಹೊಲಿಗೆ ಮುಗಿದಿದೆ. ಹೊಲಿಯುವ ಮೊದಲು ಸೊಂಟದ ಭಾಗಕ್ಕೆ ಐದು ಕಿಲೋ ಹೊಳೆಮರಳು ತುಂಬಿಸಿದ್ದೇನೆ, ಈಗ ತಾವು ಎಂಬತ್ತು. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಮೈಲಪ್ಪನವರು ಅದರಲ್ಲಿ ಕ್ರಿಕೆಟ್ ಪುಟ ಬಿಟ್ಟು ಬೇರೇನೂ ಓದುವುದಿಲ್ಲವೆಂಬ ಧೈರ್ಯದಿಂದ ಇದನ್ನು ಬಹಿರಂಗವಾಗಿ ಬರೆದಿದ್ದೇನೆ, ತಮಗಂತೂ ಬಾಯಿಯಿಲ್ಲ. ಅವರು ಮೂರು ನಿಮಿಷಕ್ಕೆ ಬಂದ ವಾರ ಇನ್ನೈದು ಕಿಲೋ ಹಾಕುತ್ತೇನೆ. ಅಂಗಿ ಬಿಗಿಯಾದರೆ ಸಂಕೋಚ ಬೇಡ, ಖತೀಜಾಬೀ ಆ ಸಂಜೆಯೇ ಸಡಿಲ ಮಾಡಿಕೊಡುತ್ತಾಳೆ. ನನ್ನದಾಗಿದ್ದರೆ ಎರಡು ವರ್ಷ ಹಿಡಿಯುತ್ತಿತ್ತು.