ನೇರಳೆ ಎಣ್ಣೆ, ಅರ್ಧ ತಲೆ

"ಇನ್ನು ಮುಂದೆ ಈ ಮನೆಯಲ್ಲಿ ಚರ್ಮರೋಗಕ್ಕೆ ಜಾಗವಿಲ್ಲ!" ಎಂದು ನಾನು ಊಟದ ನಡುವೆ ಎದ್ದು ನಿಂತು ಘೋಷಿಸಿದೆ.

ನನ್ನ ಹೆಂಡತಿ ಉಲಗಮ್ಮಾಳ್ ತಲೆ ಎತ್ತಲಿಲ್ಲ. "ರಸಂ ಆರ್ತಾ ಇದೆ, ಕೂತ್ಕೊಳ್ಳಿ" ಎಂದಳು.

ಹಾಗೆ ಘೋಷಿಸುವ ಅಧಿಕಾರ ನನಗಿತ್ತು ಸ್ವಾಮಿ! ನಾಗರಕೋಯಿಲಿನ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಪ್ರೊಫೆಸರ್. ಗಿಡಮರಗಳ ಎಣ್ಣೆ, ಮೇಣ, ಜಿಡ್ಡುಗಳೇ ನನ್ನ ವಿಷಯ. ಹುಡುಗರು ಬೆನ್ನ ಹಿಂದೆ "ಕೊಬ್ಬಿನ ಮೇಷ್ಟ್ರು" ಅನ್ನುತ್ತಾರೆ. ಅದು ನನ್ನ ವಿಷಯಕ್ಕೆ ಸಲ್ಲಿಸುವ ಗೌರವವೆಂದೇ ನಾನು ನಂಬಿದ್ದೇನೆ.

ಹೆಂಡತಿ ಉಲಗುವಿನ ಮೊಳಕೈಗಳಲ್ಲಿ ಸೋರಿಯಾಸಿಸ್. ಕೆಂಪಗೆ ದಪ್ಪಗಾದ ಚರ್ಮ, ಅದರ ಮೇಲೆ ಬೆಳ್ಳನೆಯ ಹೊಟ್ಟು, ವಿಪರೀತ ತುರಿಕೆ. ಅಂಟುರೋಗವಲ್ಲ, ಆದರೆ ನೋಡಿದವರಿಗೆಲ್ಲ ಹೇಳಿ ಮುಗಿಸುವುದುಂಟೇ? ಸುಡು ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಟ್ಟು ಬೆವರುತ್ತಿದ್ದಳು. ಈಗ ಮಗಳು ವಡಿವು ತಾನೇ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಮುಗಿಲನ್ ಎಂದು ಅವನ ಹೆಸರು. ಅವನ ಮನೆಯವರು ತಿರುನೆಲ್ವೇಲಿಯಿಂದ ಮಾತುಕತೆಗೆ ಬರುವವರಿದ್ದರು. "ನನ್ನ ಕೈ ನೋಡಿ ಈ ಸಂಬಂಧ ತಪ್ಪಿ ಹೋದ್ರೆ?" ಎಂದು ಉಲಗು ಕೊರಗುತ್ತಿದ್ದಳು.

ನಮ್ಮ ಕಡೆ ಈ ಕಾಯಿಲೆಗೆ ವೆಟ್ಪಾಲೆ ಎಣ್ಣೆ ಹೆಸರುವಾಸಿ. ಹಾಲು ಒಸರುವ ಆ ಮರದ ಎಲೆಗಳನ್ನು ಹರಿದು ಕೊಬ್ಬರಿ ಎಣ್ಣೆಗೆ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಎಲೆ ಹಸಿರು, ಹಾಲು ಬಿಳಿ, ಎಣ್ಣೆ ತಿಳಿ. ಹಾಗಾದರೆ ನೇರಳೆ ಎಲ್ಲಿಂದ ಬಂತು? ಗುಣವಿರುವುದು ಎಲೆಯಲ್ಲೋ, ಕೊಬ್ಬರಿಯ ಜಿಡ್ಡಿನಲ್ಲೋ, ಬಿಸಿಲಿನಲ್ಲೋ? ಈ ಪ್ರಶ್ನೆಗಳು ತಲೆ ಹೊಕ್ಕ ಮೇಲೆ ಹೆಂಡತಿಯ ಮೊಳಕೈ ನನಗೆ ಮೊಳಕೈಯಾಗಿ ಕಾಣಲಿಲ್ಲ. ಸಾಕ್ಷಾತ್ ಪ್ರಯೋಗಶಾಲೆಯಾಗಿ ಕಂಡಿತು!

ಚರ್ಮದ ಡಾಕ್ಟರನ್ನು ಕೇಳಿದೆ. "ಸಂಶೋಧನೆ ನಡೀತಾ ಇದೆ ಸಾರ್, ಗ್ಯಾರಂಟಿ ಏನೂ ಇಲ್ಲ. ಹಚ್ಚಿ ನೋಡಿ. ಆದ್ರೆ ನಾನು ಕೊಟ್ಟ ಮುಲಾಮು ಮಾತ್ರ ಬಿಡಬೇಡಿ" ಎಂದರು. ನನಗೆ ಕೇಳಿಸಿದ್ದು "ಹಚ್ಚಿ ನೋಡಿ" ಎಂಬುದಷ್ಟೇ.

ಮಾಳಿಗೆಯ ಮೇಲೆ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಎಣ್ಣೆ ಸಿದ್ಧವಾಯಿತು. ಆಹಾ, ಏನು ಬಣ್ಣ! ಕೆಳಗೆ ಓಡಿ ಬಂದು ಉಲಗುವಿಗೆ ಹೇಳಿದೆ: "ಬಲಗೈಗೆ ಎಲೆಯ ಎಣ್ಣೆ, ಎಡಗೈಗೆ ಬರೀ ಎಣ್ಣೆ. ಆಗ ಗೊತ್ತಾಗುತ್ತೆ, ಯಾವುದಕ್ಕೆ ಗುಣ ಇದೆ ಅಂತ!"

"ನನ್ನ ಕೈ ಏನು ನಿಮ್ಮ ಕಾಲೇಜಿನ ಕಪ್ಪೇನಾ? ಮೊದಲು ನೀವು ಹಚ್ಕೊಂಡು ತೋರಿಸಿ. ಉರಿಯುತ್ತೋ, ಬೊಬ್ಬೆ ಏಳುತ್ತೋ ನೋಡೋಣ."

"ನಾನು ಎಲ್ಲಿಗೆ ಹಚ್ಕೊಳ್ಳಲಿ?"

"ತಲೆ ಇದೆಯಲ್ಲ, ಖಾಲಿ ಬಿದ್ದಿದೆ!"

ಕೂದಲಿನ ವಿಷಯವಾಗಿ ಹೇಳಿದ್ದು ಎಂದುಕೊಂಡು ಸವಾಲು ಸ್ವೀಕರಿಸಿದೆ.

ಬೀಗರು ಬರುವ ಭಾನುವಾರವೇ ಬೆಳಿಗ್ಗೆ ಮಾಳಿಗೆ ಹತ್ತಿದೆ. ಅವರು ಬರುವುದು ಸಂಜೆಗೆ, ಅಷ್ಟರಲ್ಲಿ ತೊಳೆದುಕೊಂಡರಾಯಿತು. ಬೋಳು ತಲೆಯ ಬಲಭಾಗಕ್ಕೆ ನೇರಳೆ ಎಣ್ಣೆ, ಎಡಭಾಗಕ್ಕೆ ಬರೀ ಕೊಬ್ಬರಿ ಎಣ್ಣೆ. ಹಚ್ಚಿಕೊಂಡು ಎಳೆ ಬಿಸಿಲಿಗೆ ಕೂರಬೇಕೆಂದು ರೂಢಿ. ಕೂತೆ. ಕೂತವನು ಒರಗಿದೆ. ಒರಗಿದವನು ಗೊರಕೆ ಹೊಡೆದೆ.

ಕಾರಿನ ಹಾರ್ನ್ ಕೇಳಿ ಎಚ್ಚರವಾದಾಗ ಸೂರ್ಯ ನೆತ್ತಿಯ ಮೇಲಿದ್ದ. ಭಾನುವಾರ ಸಂಜೆ ರಾಹುಕಾಲವೆಂದು ಬೀಗರು ಮಧ್ಯಾಹ್ನಕ್ಕೇ ಬಂದುಬಿಟ್ಟಿದ್ದರು! ಗಾಬರಿಯಿಂದ ಎದ್ದೆ. ಕಾಲು ಪಾತ್ರೆಗೆ ತಗುಲಿತು. ಎಣ್ಣೆ ಚೆಲ್ಲಿ ಹರಿದು ಮಳೆನೀರಿನ ಕೊಳವೆಯ ದಾರಿ ಹಿಡಿಯಿತು. ಆ ಕೊಳವೆಯ ಕೆಳಗೆ ಸರಿಯಾಗಿ ನಿಂತಿದ್ದವರು ಹುಡುಗನ ತಂದೆ ನೆಲ್ಲೈಯಪ್ಪ ಪಿಳ್ಳೈ. ಹಂಸದಂಥ ಬಿಳಿ ಶರ್ಟು, ಬಿಳಿ ಪಂಚೆ!

"ಅಯ್ಯೋ ಮುರುಗಾ!"

ಬಗ್ಗಿ ನೋಡಿದೆ. ಅವರು ತಲೆ ಎತ್ತಿ ನೋಡಿದರು. ನಿದ್ದೆಯಲ್ಲಿ ಎಣ್ಣೆ ಇಳಿದು ನನ್ನ ಅರ್ಧ ಮುಖವೂ ನೇರಳೆಯಾಗಿತ್ತು. ಅವರು ಎರಡನೇ ಸಲ ಮುರುಗನನ್ನು ಕರೆದರು. ನನ್ನ ಬಣ್ಣ ಬಯಲಾಗಿತ್ತು!

ನಾನು ಕೆಳಗಿಳಿಯುವಷ್ಟರಲ್ಲಿ ಉಲಗು ಅವರ ಶರ್ಟು ಬಿಚ್ಚಿಸಿ, ಮೇಲೊಂದು ಟವೆಲ್ ಹೊದಿಸಿ, ಬಕೆಟ್ಟಿನಲ್ಲಿ ಸೋಪು ಕಲಸಿ ಉಜ್ಜಲು ಕೂತಿದ್ದಳು. ಉಜ್ಜುವ ಆತುರದಲ್ಲಿ ರವಿಕೆಯ ತೋಳುಗಳನ್ನು ಮೇಲಕ್ಕೆ ಸರಿಸಿಕೊಂಡಿದ್ದಳು. ಮೊಳಕೈಗಳೆರಡೂ ಎಲ್ಲರ ಕಣ್ಣೆದುರು! ಉಲಗುವಿಗೂ ಅರಿವಾಯಿತು. ಒದ್ದೆ ಕೈಯಿಂದಲೇ ತೋಳು ಎಳೆದುಕೊಳ್ಳಲು ಹೋದಳು, ಬಟ್ಟೆ ಅಂಟಿಕೊಂಡು ಇಳಿಯಲೇ ಇಲ್ಲ. ಅವಳ ಕಣ್ಣು ತುಂಬಿತು.

ಆಗ ಹುಡುಗನ ಅಜ್ಜಿ ಎದ್ದರು. ಅವರನ್ನು ಎಲ್ಲರೂ ಆಚ್ಚಿ ಎನ್ನುತ್ತಿದ್ದರು. ಉಲಗುವಿನ ಪಕ್ಕ ಕುಕ್ಕರಿಸಿ, ಸೀರೆಯನ್ನು ಮೊಳಕಾಲಿನವರೆಗೆ ಸರಿಸಿ, "ನಿಂದೇನು ಮಹಾ! ನನ್ನ ಕಾಲು ನೋಡು" ಎಂದರು. ಅದೇ ಕೆಂಪು, ಅದೇ ಬಿಳಿ ಹೊಟ್ಟು!

"ಅಮ್ಮಾ!" ಎಂದು ಟವೆಲ್ಲಿನೊಳಗಿಂದ ನೆಲ್ಲೈಯಪ್ಪ ಪಿಳ್ಳೈ ಚೀರಿದರು. "ಹುಡುಗಿ ಮನೇಲಿ ಕಾಲು ತೋರಿಸ್ಬೇಡ ಅಂತ ದಾರಿಯುದ್ದಕ್ಕೂ ಹೇಳ್ಲಿಲ್ವಾ?"

"ನೀನು ಹೇಳ್ದೆ, ನಾನೆಲ್ಲಿ ಒಪ್ಪಿದ್ದೆ?"

ಮೊದಲು ನಕ್ಕವಳು ವಡಿವು. ಆಮೇಲೆ ಮುಗಿಲನ್. ಕೊನೆಗೆ ಉಲಗುವೂ ಸೋಪಿನ ಕೈಯನ್ನು ಬಾಯಿಗಿಟ್ಟುಕೊಂಡು ನಕ್ಕಳು. ಬಾಳೆಕಾಯಿ ಚಿಪ್ಸು ತಿನ್ನುತ್ತ ಆಚ್ಚಿ, ಉಲಗು ಇಬ್ಬರೂ ಯಾವ ಸೋಪು ಉರಿ, ಯಾವ ಬಟ್ಟೆ ತಂಪು ಎಂದು ಹಳೆಯ ಗೆಳತಿಯರಂತೆ ಮಾತಿಗೆ ಕೂತರು. ಉಲಗು ತೋಳು ಇಳಿಸುವ ಗೋಜಿಗೇ ಹೋಗಲಿಲ್ಲ.

ಇದೇ ಸಮಯವೆಂದು ನಾನು ಉಪನ್ಯಾಸ ಶುರು ಹಚ್ಚಿದೆ. ಎಲೆಯ ಸತ್ವ, ಜಿಡ್ಡಿನ ಮಹಿಮೆ, ಚರ್ಮದ ಉರಿ, ಬಲ ತಲೆ, ಎಡ ತಲೆ! ಆಚ್ಚಿ ಕೊನೆಯವರೆಗೂ ಬಹಳ ಕುತೂಹಲದಿಂದ ಕೇಳಿದರು.

"ಅಂದ್ರೆ ನಿಮಗೂ ತಲೇಲಿ ಈ ಕಾಯಿಲೆ ಇದೆಯಾ?"

"ಇಲ್ಲ ಆಚ್ಚಿ, ನನಗೇನೂ ಇಲ್ಲ!"

ಆಚ್ಚಿ ನನ್ನ ನೇರಳೆ ಅರ್ಧವನ್ನೊಮ್ಮೆ, ಬಣ್ಣವಿಲ್ಲದ ಅರ್ಧವನ್ನೊಮ್ಮೆ ನೋಡಿ ಉಲಗುವಿನ ಕಡೆ ಬಗ್ಗಿದರು. "ಕೈಕಾಲಿನ ತುರಿಕೆಗೆಲ್ಲ ನಾವು ಹೆದರೋರಲ್ಲ ತಾಯಿ. ಆದ್ರೆ ಒಂದು ಮಾತು, ಮುಚ್ಚುಮರೆ ಮಾಡ್ದೆ ಹೇಳ್ಬಿಡು. ಈ ತಲೆ ಏನಾದ್ರೂ ಮಗಳಿಗೆ ಬಂದಿದೆಯಾ?"

ಉಲಗು ತಡವರಿಸಲಿಲ್ಲ.

"ಇಲ್ಲ ಆಚ್ಚಿ. ಅವಳು ಪೂರ್ತಿ ನನ್ನ ಹಾಗೇ!"