ಗುಮ್ಮನಪಟ್ಟಣದ ಮೋಜಣಿ

ಫಜೀತಿಗಳಿಗೆ ನನ್ನ ವಿಳಾಸ ಚೆನ್ನಾಗಿ ಗೊತ್ತು. ಕುಷ್ಟಗಿಗೆ ವರ್ಗವಾಗಲಿ, ಯಲಬುರ್ಗಾಕ್ಕೆ ವರ್ಗವಾಗಲಿ, ನಾನು ಟ್ರಂಕು ಇಳಿಸುವ ಮೊದಲೇ ಅವು ಬಂದು ಹಾಜರಿ ಹಾಕಿರುತ್ತವೆ. ನಾನು ಸರ್ಕಾರಿ ಸರ್ವೇಯರ್. ಹೊಲ ಅಳೆಯುವುದು, ಮಣ್ಣಲ್ಲಿ ಹೂತ ಗಡಿಕಲ್ಲು ಹುಡುಕುವುದು, ಅಣ್ಣತಮ್ಮಂದಿರ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವುದು ನನ್ನ ಉದ್ಯೋಗ.

ಹೆಂಡತಿ ಇದ್ದಾಗ ಸಂಜೆ ಮನೆಗೆ ಬಂದ ಕೂಡಲೇ, "ಇವತ್ತ ಯಾರ ಹೊಲಾ ಅಳದ್ರಿ? ಯಾರ್ಯಾರು ಬಡದಾಡಿದ್ರು?" ಎಂದು ಕೇಳುತ್ತಿದ್ದಳು. ನಾನು ಇದ್ದದ್ದಕ್ಕೆ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ. ಆಕೆ ತೀರಿಹೋಗಿ ಆರು ವರ್ಷವಾಯಿತು. ಮಕ್ಕಳಿಲ್ಲ. ಈಗ ಕೀಲಿ ತೆಗೆದು ಒಳಗೆ ಕಾಲಿಟ್ಟರೆ ಬೆಳಿಗ್ಗೆ ತೊಳೆದು ಬೋರಲು ಹಾಕಿದ ಲೋಟ ಬೋರಲೇ ಇರುತ್ತದೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ.

ಹೀಗಿರುವಾಗ ಒಮ್ಮೆ ಕೊಪ್ಪಳ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳ ಚಿತ್ರದ ಪುಸ್ತಕವೊಂದನ್ನು ಕೊಂಡೆ. ಅದರ ತುಂಬ ಹಸಿರು ಮೈಯ, ಮೊಣಕಾಲೆತ್ತರದ, ಮೊರದಂಥ ಕಿವಿಯ ಕುಳ್ಳ ದೆವ್ವಗಳು. ಊಟ ಮಾಡದ ಮಕ್ಕಳನ್ನು ಹೆದರಿಸಲು ನಾವು ಗುಮ್ಮ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಜಾತಿ. ಅವಕ್ಕೊಂದು ಊರು ಬೇಕಲ್ಲ ಅನಿಸಿತು. ಹಳೆಯ ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲ್ ಇಟ್ಟೆ. ನಮ್ಮ ಕಡೆಯ ಬಂಡೆಗುಡ್ಡಗಳ ಅಡಿಯಲ್ಲೇ ಊರು. ಹೆಸರು ಗುಮ್ಮನಪಟ್ಟಣ. ಅಲ್ಲಿ ಗಡಿಕಲ್ಲು ಇಲ್ಲ. ಮನೆಗಳ ಬಾಗಿಲು ಎದುರುಬದುರು, ಯಾಕೆಂದರೆ ದಿನಕ್ಕೊಮ್ಮೆಯಾದರೂ ಎದುರು ಮನೆಯವರನ್ನು ಮಾತಾಡಿಸಬೇಕು. ಒಬ್ಬನೇ ಕೂತು ಉಂಡರೆ ಅಪರಾಧ. ಯಾರ ಕಿವಿ ಎಲ್ಲಕ್ಕಿಂತ ದೊಡ್ಡದೋ ಅವನೇ ರಾಜ. ರಾಜನಾದವನ ಕೆಲಸ ಕೇಳಿಸಿಕೊಳ್ಳುವುದು, ಅಷ್ಟೇ.

ಊರು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಒಂದೇ ಕೊರತೆ, ನನ್ನನ್ನು ಬಿಟ್ಟರೆ ಇನ್ನೊಬ್ಬ ಮನುಷ್ಯ ಆ ಊರಿಗೆ ಬರಲಿಲ್ಲ. ಒಬ್ಬರಾದರೂ ನಕ್ಷೆಯ ಮುಂದೆ ಕೂತು ನಾಲ್ಕು ಪ್ರಶ್ನೆ ಕೇಳಲಿ ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಹಾಗಂತ ಯಾರೂ ಬರಲೇ ಇಲ್ಲ ಅಂತಲ್ಲ. ಬಂದರು. ಬಂದ ರೀತಿ ಕೇಳಿ.

೧. ಈಶಾನ್ಯ ಮೂಲೆ

ಕುಷ್ಟಗಿಯಲ್ಲಿದ್ದಾಗ ಮನೆ ಮಾಲೀಕರು ನಳ ಸೋರುವುದನ್ನು ನೋಡಲು ಬಂದವರು ಗೋಡೆಯ ಮೇಲಿನ ನಕ್ಷೆ ನೋಡಿ ನಿಂತರು. ನಳ ಮರೆತರು. ಲಗುಬಗೆಯಿಂದ ಹೊರಟುಹೋದರು. ಮುಂದಿನ ಭಾನುವಾರ ತಮ್ಮ ಬೀಗರನ್ನೇ ಕರೆದುಕೊಂಡು ಹಾಜರ್.

"ಏನ್ರಿ ಸಾಹೇಬ್ರ, ಒಂದ ಮನ್ಯಾಗ ಇದ್ದು ನಮಗ ಹೇಳಬಾರದೇನ್ರಿ, ಹೊಸಾ ಲೇಔಟು ಬರಾಕತ್ತೈತಿ ಅಂತ?"

ನಾನು ಬಾಯಿ ತೆರೆಯುವುದರೊಳಗೆ ಬೀಗರು ನಕ್ಷೆಯ ಈಶಾನ್ಯ ಮೂಲೆಯ ಮೇಲೆ ಬೆರಳಿಟ್ಟಿದ್ದರು. "ಈ ಮೂಲಿ ಸೈಟು ಯಾರಿಗೂ ಕೊಡಬ್ಯಾಡ್ರಿ."

"ಅದು ಗುಮ್ಮಗಳ ಸಂತಿ ನಡ್ಯೋ ಜಾಗಾರಿ," ಎಂದೆ.

"ಸಂತಿ ಹತ್ರಾನ ಐತಾ? ಭಾಳ ಛಲೋ ಆತು, ಮುಂದ ಅಂಗಡಿ ತಗೀಬೌದು. ರೋಡು ಎಷ್ಟ ಫೂಟ್ರಿ?"

"ಎರಡು."

"ಎರಡ ಫೂಟಾ? ಕಾರು ಹೆಂಗ ಹೋಗಬೇಕ್ರಿ?"

"ಅಲ್ಲಿ ಮಂದಿ ಮೊಣಕಾಲೆತ್ತರ ಅದಾರ್ರಿ."

ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ನಾನು ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಮಂಚದ ಮೇಲೆ ಇಬ್ಬರು ಕೂತು ನನ್ನ ಊರಿನ ನೀರು, ಚರಂಡಿ, ವಾಸ್ತು ಮಾತಾಡುವುದು ಎಷ್ಟು ವರ್ಷಕ್ಕೊಮ್ಮೆ ಆಗುತ್ತದೆ? ಎರಡು ಸಲ ಚಹಾ ಮಾಡಿ ಕೊಟ್ಟೆ. ಕೊನೆಗೆ ಮನಸ್ಸು ಚುಚ್ಚಿತು. "ತಪ್ಪು ತಿಳೀಬ್ಯಾಡ್ರಿ. ಇದು ನಾ ಸುಮ್ಮನ ಕಟ್ಟಿದ ಊರು. ಅಲ್ಲಿ ಇರೋವು ಮನುಷ್ಯಾರಲ್ಲ, ದೆವ್ವ," ಎಂದೆ.

ಬೀಗರು ಮಾಲೀಕರ ಕಿವಿಯಲ್ಲಿ ಏನೋ ಹೇಳಿದರು. ಮಾಲೀಕರು ಗಂಟಲು ಸರಿಮಾಡಿಕೊಂಡು ಕೇಳಿದರು, "ದೆವ್ವದ ಜಾಗಾ ಅಂದ್ರ ರೇಟು ಕಡಿಮಿ ಆಗಬೇಕಲ್ರಿ ಮತ್ತ?"

೨. ಇರಕಲ್ಲಗಡದ ಬಸ್ಸು

ಇರಕಲ್ಲಗಡದ ಕಡೆ ಅಳತೆ ಮುಗಿಸಿ ಕೊಪ್ಪಳಕ್ಕೆ ಬಸ್ಸು ಹತ್ತಿದ್ದೆ. ಮೊದಲೆಲ್ಲ ಬಸ್ಸಿನಲ್ಲಿ ಕೂತರೆ ಪಕ್ಕದವರು "ಯಾವೂರ ಆತ್ರಿ?" ಎಂದು ಶುರು ಮಾಡಿ ಇಳಿಯುವುದರೊಳಗೆ ಸಂಬಂಧ ಹುಡುಕುತ್ತಿದ್ದರು. ಈಗ ಎಲ್ಲರ ಕತ್ತೂ ಮೊಬೈಲಿನೊಳಗೆ ಬಿದ್ದಿರುತ್ತದೆ. ನನಗೂ ಒಬ್ಬರು ಇದ್ದಾರೆ ಅಂತ ನಾಲ್ಕು ಜನರಿಗೆ ಕಾಣಲಿ ಎಂದು ನಾನೂ ಫೋನು ಕಿವಿಗೆ ಹಚ್ಚಿದೆ. ಆ ಕಡೆ ಯಾರೂ ಇರಲಿಲ್ಲ. ಮಾತಾಡಲು ನನಗೆ ಗೊತ್ತಿದ್ದ ಸುದ್ದಿಯೆಂದರೆ ಗುಮ್ಮನಪಟ್ಟಣದ್ದೇ.

"ಹೌದಾ? ದಂಡು ಬಂತಾ? ಊರ ಬಾಗಲಾ ಹಾಕ್ರಿ ಮತ್ತ! ರಾಜಾ ಎಲ್ಲಿ ಅದಾನ? ಹುಣಸಿ ಗಿಡಾ ಏರಿ ಕುಂತಾನಾ? ಇಳಸ್ರಿ ಅವನ್ನ!"

ಮುಂದಿನ ಸೀಟಿನವರು ಒಬ್ಬೊಬ್ಬರಾಗಿ ತಿರುಗಿದರು. ಪಕ್ಕದಲ್ಲಿ ಟೊಮೆಟೊ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿದಳು. ನನಗೂ ಹುರುಪು ಬಂತು, ದನಿ ಏರಿಸಿದೆ. ಅದೇ ಹೊತ್ತಿಗೆ, ಕಿವಿಗೆ ಹಚ್ಚಿದ ಫೋನು ಗಣಗಣ ಹೊಡೆದುಕೊಂಡಿತು.

ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಹೇಳಿದ, "ಸಾಹೇಬ್ರ, ಮೊದಲಿನವರಿಗೆ ಜರಾ ನಿಂದ್ರಾಕ ಹೇಳಿ ಇದನ್ನ ಎತ್ತರಿ."

ಎತ್ತಿದರೆ ಯಾವುದೋ ಕಂಪನಿಯ ರೆಕಾರ್ಡು ಮಾಡಿದ ದನಿ, ಕಾಲರ್ ಟ್ಯೂನ್ ಬೇಕೇ ಎನ್ನುತ್ತಿತ್ತು. ಜನ ನಕ್ಕ ನಗುವಿಗೆ ನಾನು ಸೀಟಿನೊಳಗೇ ಇಂಗಿಹೋದೆ. ಮುದುಕಿ ಒಬ್ಬಳು ಮಾತ್ರ ನಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಬುಟ್ಟಿ ತಲೆಗೇರಿಸಿ ಇಳಿದವಳು, ಬಸ್ಸು ಹೊರಡುವಾಗ ಕಿಟಕಿಯ ಕಡೆ ಮುಖವೆತ್ತಿ ಕೂಗಿದಳು, "ಯಪ್ಪಾ, ರಾಜಾ ಗಿಡಾ ಇಳದ್ನೋ ಇಲ್ಲೋ?"

ಬಸ್ಸು ಆಗಲೇ ಜೋರಾಗಿತ್ತು. ಅರ್ಧ ಮೈ ಹೊರಗೆ ಹಾಕಿ ಕೂಗಿದೆ, "ಇಳದ್ನಬೇ ಯವ್ವಾ! ಇಳದಾ!"

೩. ಪಂಚರ ಸಹಿ

ತಳಕಲ್ ಕಡೆ ಅಣ್ಣತಮ್ಮರಿಬ್ಬರ ನಡುವೆ ಒಂದು ಬದುವಿನ ಜಗಳ. ಇಡೀ ದಿನ ಬಿಸಿಲಲ್ಲಿ ಅಳೆದು, ಬೇವಿನ ಗಿಡದ ಕೆಳಗೆ ಕೂತು ಐದು ಮಂದಿ ಪಂಚರ ಸಹಿ ತೆಗೆದುಕೊಂಡೆ. "ಓದಿ ನೋಡ್ರಿ," ಎಂದರೆ, "ನೀವು ಬರದೀರಿ ಅಂದ್ಮ್ಯಾಗ ಮುಗೀತ್ರಿ," ಎಂದು ಮೂವರು ಸಹಿ ಮಾಡಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು.

ಆಮೇಲೆ ಅಣ್ಣ ನಕ್ಷೆಯ ಮೇಲೆ ಬಾಗಿದ. "ಸಾಹೇಬ್ರ, ಇಲ್ಲಿ ಬಾವಿ ತೋರಿಸೀರಿ. ಇದ್ಯಾವ ಬಾವಿ?"

ನಾನೂ ಬಾಗಿ ನೋಡಿದೆ. ಚೀಲದಿಂದ ಹೊರಗೆ ತೆಗೆದದ್ದು ಗುಮ್ಮನಪಟ್ಟಣದ ದಕ್ಷಿಣ ಭಾಗದ ಹಾಳೆ! ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುವಂತೆ, ತಮ್ಮ ಅಷ್ಟರಲ್ಲೇ ಎದ್ದು ನಿಂತಿದ್ದ.

"ಬಾವಿ ನನ್ನ ಪಾಲಿಗೆ ಬರಬೇಕು!"

"ಹೆಂಗ ಬರತೈತಲೇ? ನಮ್ಮ ಮುತ್ಯಾ ತೋಡಿಸಿದ ಬಾವಿ ಅದು, ಹಿರೇಮಗಾ ನಾ ಅದೀನಿ!"

"ತಡೀರಿ, ತಡೀರಿ. ಇದು ಬ್ಯಾರೆ ಊರಿನ ನಕ್ಷೆ. ನಿಮ್ಮ ಹೊಲದಾಗ ಬಾವೀನ ಇಲ್ಲ," ಎಂದೆ.

ಪಂಚರಲ್ಲಿ ಎಲ್ಲರಿಗಿಂತ ಹಿರಿಯ ಮುದುಕ ಸಿಟ್ಟಿನಿಂದ ಕೋಲು ಕುಟ್ಟಿದ. "ಇಲ್ಲಂದ್ರ ಹೆಂಗ್ರಿ? ಸಣ್ಣಾಂವ ಇದ್ದಾಗ ನಾ ಅದರಾಗ ಈಜೀನಿ!"

ಹೇಗೋ ಸರಿಯಾದ ಹಾಳೆ ಹುಡುಕಿ ಮತ್ತೆ ಸಹಿ ಹಾಕಿಸಿ ಪಾರಾದೆ. ತಿಂಗಳೊಪ್ಪತ್ತಿನಲ್ಲಿ ಆಫೀಸಿಗೊಂದು ಅರ್ಜಿ ಬಂತು. ಸರ್ವೇಯರ್ ಮುಚ್ಚಿಟ್ಟ ಬಾವಿಯನ್ನು ಹುಡುಕಿಸಿ ಕೊಡಬೇಕೆಂದು ವಿನಂತಿ. ಕೆಳಗೆ ಅಣ್ಣತಮ್ಮ ಇಬ್ಬರದೂ ಸಹಿ. ಹುಟ್ಟಿದಾಗಿನಿಂದ ಅವರಿಬ್ಬರೂ ಒಂದಾಗಿ ಮಾಡಿದ ಕೆಲಸ ಅದೊಂದೇ ಎಂದು ಊರವರು ಹೇಳುತ್ತಾರೆ.

೪. ಮೂರು ಸಾವಿರ ತೆಂಗಿನಕಾಯಿ

ನನ್ನ ಅಕ್ಕನನ್ನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಕೊಟ್ಟಿದೆ. ನೀರಾವರಿ ಗದ್ದೆಯ ತುಂಬಿದ ಮನೆ. ಫೋನು ಮಾಡಿದಾಗೆಲ್ಲ ಒಂದೇ ಮಾತು, "ಒಬ್ಬನ ಹೆಂಗ ಇರತೀಯೋ ತಮ್ಮಾ? ಇಲ್ಲಿಗೆ ಬಾ." ಅಲ್ಲಿ ಹೋಗಿ ಮೂಲೆಯಲ್ಲಿ ಕೂತ ಮಾವನಾಗಲು ನನಗೆ ಮನಸ್ಸಿಲ್ಲ. ಒಂದು ದಿನ ಸಮಾಧಾನಕ್ಕೆಂದು, "ನಾ ಒಬ್ಬನ ಎಲ್ಲಿ ಅದೀನಬೇ ಅಕ್ಕಾ? ಗುಮ್ಮಗಳು ಅದಾವು," ಎಂದುಬಿಟ್ಟೆ.

ಮರುದಿನ ಮೊದಲ ಬಸ್ಸಿಗೆ ಅಕ್ಕ ಇಳಿದಳು. ಜೊತೆಗೆ ದೆವ್ವ ಬಿಡಿಸುವ ಅಜ್ಜ.

ಅಜ್ಜ ನಿಂಬೆಹಣ್ಣು ಹಿಡಿದು ಕೋಣೆ ಸುತ್ತಿದ. ಅಕ್ಕ ನನ್ನ ಒಲೆ ನೋಡಿದಳು, ಒಂಟಿ ತಾಟು ನೋಡಿದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ನನಗೂ ಅಳು ಬಂತು. ಇವನಿಗೆ ಹಿಡಿದೇ ಹಿಡಿದಿದೆ ಎಂದು ಅಜ್ಜನಿಗೆ ಖಾತ್ರಿಯಾಯಿತು.

"ಸೌಮ್ಯ ಅದಾವೋ, ಉಗ್ರ ಅದಾವೋ?"

"ಭಾಳ ಸೌಮ್ಯ ಅದಾವ್ರಿ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಂಗಾದ್ರ ಹಗೂರ ಹೋಗತಾವ. ಒಂದ ದೆವ್ವಕ್ಕ ಒಂದ ತೆಂಗಿನಕಾಯಿ ಒಡದ್ರ ಸಾಕು. ಎಷ್ಟ ಅದಾವು?"

"ಮಕ್ಕಳು ಮರಿ ಹಿಡದು ಮೂರು ಸಾವಿರ."

ಅಜ್ಜನ ಕೈಯ ನಿಂಬೆಹಣ್ಣು ಜಾರಿ ಮಂಚದ ಕೆಳಗೆ ಉರುಳಿತು. ಅಕ್ಕ ತುಸು ಹೊತ್ತು ಬೆರಳು ಮಡಚಿದಳು, ಮತ್ತೆ ಬಿಡಿಸಿದಳು. ಆಮೇಲೆ ಅಜ್ಜನ ಚೀಲ ತಾನೇ ಎತ್ತಿ ಕೈಗೆ ಕೊಟ್ಟಳು. "ಇರ್ಲಿ ಬಿಡು ಅಜ್ಜಾ. ಪಾಪ, ಮನಿಮಠಾ ಮಾಡ್ಕೊಂಡು ಕುಂತಾವ. ಎಬ್ಬಿಸಿದ್ರ ನಮಗ ಛಲೋ ಆಗೂದಿಲ್ಲ."

೫. ಬಿಟ್ಟುಹೋದ ಮನೆ

ಇದು ಈಚಿನದು, ಕೊಪ್ಪಳಕ್ಕೆ ಬಂದ ಮೇಲಿನದು. ಮನೆಮನೆ ಗಣತಿಗೆ ಒಬ್ಬರು ಸಾಲಿ ಅಕ್ಕೋರು, ಅಂದರೆ ಶಾಲೆಯ ಟೀಚರು, ಬಂದರು. ನನ್ನದೇ ವಯಸ್ಸು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಮನ್ಯಾಗ ಎಷ್ಟ ಮಂದಿ?"

"ಒಬ್ಬನ."

"ಬ್ಯಾರೆ ಯಾರೂ?"

"ಯಾರೂ ಇಲ್ರಿ."

ಅಕ್ಕೋರು ಮೊಬೈಲ್ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಸರ್ವರ್ ಸತ್ತಿತ್ತು. ನೀರು ಕೊಟ್ಟೆ, ಕುರ್ಚಿ ಕೊಟ್ಟೆ, ಒಗ್ಗರಣೆ ಮಂಡಕ್ಕಿ ಕೊಟ್ಟೆ. ಚಕ್ರ ತಿರುಗುತ್ತಲೇ ಇತ್ತು. ಅವರ ಕಣ್ಣು ಗೋಡೆಗೆ ಹೋಯಿತು.

"ಮೊದಲ ಹೇಳಿಬಿಡತೀನ್ರಿ, ಇದು ಲೇಔಟ್ ಅಲ್ಲ," ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಇನ್ನೇನು ಎದ್ದು ಹೋಗುತ್ತಾರೆ ಅಂದುಕೊಂಡೆ.

ಅಕ್ಕೋರು ಕನ್ನಡಕ ಏರಿಸಿ ನಕ್ಷೆಯನ್ನು ಮೇಲಿಂದ ಕೆಳಗೆ ನೋಡಿದರು. "ಈ ಊರಿಂದು ಗಣತಿ ಆಗೈತೇನ್ರಿ?"

"ಇಲ್ರಿ."

"ಆಗಿಲ್ಲಾ? ಸರ್ವರ್ ಬರೂತನಕಾ ಖಾಲಿ ಕುಂತು ಏನ ಮಾಡೂದು? ಹೇಳ್ರಿ, ಬರಕೋತೀನಿ." ಚೀಲದಿಂದ ನೋಟ್‌ಬುಕ್ ತೆಗೆದರು. "ಒಂದನೇ ಓಣಿ, ಒಂದನೇ ಮನಿ. ಯಜಮಾನಾ ಯಾರು? ಚಾವಣಿ ಹೆಂಚಿಂದೋ, ಕಲ್ಲಿಂದೋ? ಸಾಲಿಗೆ ಹೋಗೋ ಮಕ್ಕಳು?"

ಆರು ವರ್ಷದ ಮಾತು ಒಮ್ಮೆಲೇ ಹೊರಗೆ ಬಂತು. ಯಾರ ಮನೆಯಲ್ಲಿ ಕೂಸು ಹುಟ್ಟಿದೆ, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಹೇಳಿದೆ. ಅಕ್ಕೋರು ತಲೆ ಎತ್ತದೆ ಬರೆದರು. ನಾಲ್ಕನೇ ಓಣಿಗೆ ಬಂದಾಗ ಪೆನ್ನು ನಿಂತಿತು.

"ಶೌಚಾಲಯ?"

ನಾನು ತಡವರಿಸಿದೆ. "ಅದು... ಇಲ್ರಿ."

"ಮೂರು ಸಾವಿರ ಮಂದಿಗೆ ಒಂದೂ ಇಲ್ಲಾ? ಹೆಂಗಸರು ಎಲ್ಲಿ ಹೋಗಬೇಕ್ರಿ? ರಾಜಾ ಅದಾನಂತ, ಮೊರದಂಥ ಕಿವಿ ಅದಾವಂತ! ಹೆಂಗಸರು ಹೇಳಿದ್ದು ಅವಂಗ ಕೇಳಸಲಿಲ್ಲೇನ್ರಿ?"

ಇಷ್ಟು ವರ್ಷದ ಸರ್ವಿಸಿನಲ್ಲಿ ಯಾವ ಅಧಿಕಾರಿಯೂ ನನ್ನನ್ನು ಹಾಗೆ ಬೈದಿರಲಿಲ್ಲ. ಅಷ್ಟು ಖುಷಿಯೂ ಆಗಿರಲಿಲ್ಲ. ಸರ್ವರ್ ಬಂತು. ಅಕ್ಕೋರು ನನ್ನ ಹೆಸರಿನ ಮುಂದೆ ಒಂದು ಎಂದು ಒತ್ತಿ ಹೊರಟುಹೋದರು. ಆ ಸಂಜೆ ಮನೆ ಎಂದಿಗಿಂತ ಹೆಚ್ಚು ಖಾಲಿ ಅನಿಸಿತು. ವಾರವೆಲ್ಲ ಕೂತು ಓಣಿಗೆ ನಾಲ್ಕರಂತೆ ಶೌಚಾಲಯ ಕಟ್ಟಿದೆ. ಯಾರಿಗೆ ತೋರಿಸುವುದು ಅನ್ನುವ ಪ್ರಶ್ನೆ ಮಾತ್ರ ಹಾಗೇ ಇತ್ತು.

ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಅದೇ ಅಕ್ಕೋರು, ಕೈಯಲ್ಲಿ ಅದೇ ನೋಟ್‌ಬುಕ್. ನೆಟ್ಟಗೆ ನಕ್ಷೆಯ ಮುಂದೆ ನಿಂತು ಶೌಚಾಲಯಗಳನ್ನು ಒಂದೊಂದಾಗಿ ನೋಡಿ ಗುರುತು ಹಾಕಿಕೊಂಡರು. ಆಮೇಲೆ ಹೇಳಿದರು, "ನನ್ನ ಗಣತ್ಯಾಗ ಒಂದ ಮನಿ ಬಿಟ್ಟುಹೋಗೈತ್ರಿ."

"ಯಾರದ್ರಿ?"

"ನಂದು." ಅವರು ನೋಟ್‌ಬುಕ್ಕಿನ ಕಡೆಯೇ ನೋಡುತ್ತಿದ್ದರು. "ಊರ ಮಂದಿ ಮನ್ಯಾಗ ಎಷ್ಟೆಷ್ಟ ಮಂದಿ ಅಂತ ಕೇಳಿ ಕೇಳಿ ಸಾಕಾಗಿ ಮನಿಗೆ ಹೋದ್ರ, ನಂದೂ ನಿಮ್ಮಂಗನ ಒಂದ ಅಂಕಿರಿ. ಬಾಗಲಾ ಬಡಿಯಾಕಿನೂ ನಾನ, ತಗಿಯಾಕಿನೂ ನಾನ. ಈ ಊರಾಗ ಒಂದೀಟು ಜಾಗಾ ಇದ್ರ ನೋಡ್ರಿ. ಎದುರು ಬಾಗಲದ್ದು."

ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು. ಆದರೆ ಮೂವತ್ತು ವರ್ಷದ ಸರ್ಕಾರಿ ನಾಲಿಗೆ, ತನ್ನಷ್ಟಕ್ಕೆ ತಾನೇ ಹೊರಳಿತು. "ಅದಕ್ಕ ಒಂದ ಅರ್ಜಿ ಕೊಡಬೇಕಾಗತೈತ್ರಿ. ಪಾಳಿ ಪ್ರಕಾರ ಬಂದು ಅಳತಿ ಮಾಡತೀವಿ."

ಅಕ್ಕೋರು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿದರು.

"ನಿಮ್ಮ ಪಾಳಿ ನನಗ ಗೊತ್ತೈತ್ರಿ. ನಮ್ಮಪ್ಪ ಹೊಲಾ ಅಳಸಾಕ ಅರ್ಜಿ ಕೊಟ್ಟಿದ್ದ. ನಿಮ್ಮವರು ಟೇಪು ಹಿಡಕೊಂಡು ಬಂದಾಗ ನಮ್ಮ ಮನ್ಯಾಗ ಅವನ ವರ್ಷದ ತಿಥಿ ಊಟಾ ನಡದಿತ್ತು. ಬಂದವರು ಉಂಡು ಹೋದ್ರು. ನನಗ ಅಷ್ಟ ದಿನಾ ಕಾಯಾಕ ಆಗೂದಿಲ್ರಿ. ಪೆನ್ಸಿಲ್ ತಗೋರಿ, ಈಗ ಅಳೀರಿ."